ಮರಳು ಬಿಟ್ಟುಕೊಡದ ಬಿಸಿ

"ಆ ಕಂಬಿ ತೆಗೀರಿ ಅದರಿಂದ."

ಬಟ್ಟೆ ಒಗೆಯುವ ಯಂತ್ರಗಳ ಸದ್ದನ್ನೂ ಮೀರಿ ಅವಳ ದನಿ ಕೇಳಿಸಿತು. ಮರಳಿನ ತೊಟ್ಟಿಯ ಮುಚ್ಚಳ ಸರಿಸಿ, ಉದ್ದನೆಯ ಕಂಬಿ ಚುಚ್ಚಿ ನಿಂತಿದ್ದ ಅಪರಿಚಿತ ತಿರುಗಿ ನೋಡಿದ.

ಆ ತೊಟ್ಟಿ ಅವಳ ಜೀವ. ಹಗಲು ಚಾವಣಿಯ ಸೌರಫಲಕಗಳಿಂದ ಬಂದ ವಿದ್ಯುತ್ತು ಮರಳನ್ನು ಕಾಯಿಸಬೇಕು. ಸಂಜೆ ಮರಳಿನೊಳಗಿನ ಪೈಪುಗಳಲ್ಲಿ ಹರಿದ ಗಾಳಿ ಬಿಸಿಯಾಗಿ ಹೋಗಿ, ಪಕ್ಕದ ಕೋಣೆಯಲ್ಲಿ ಆಸ್ಪತ್ರೆಯ ಬೆಡ್‌ಶೀಟ್‌ಗಳನ್ನು ಒಣಗಿಸಬೇಕು. ಲಾಂಡ್ರಿಯ ಒಡತಿಯಾದ ಸೋದರತ್ತೆಯನ್ನು ಕಾಡಿ ಬೇಡಿ ಅವಳೇ ಕಟ್ಟಿಸಿದ್ದು.

ಅವನು ಕಂಬಿ ಎಳೆದು ಅದರ ತುದಿಯನ್ನು ಒದ್ದೆ ಬಟ್ಟೆಗೆ ತಾಗಿಸಿದ. ಚುಂಯ್ ಎಂದಿತು.

"ಪೈಪಿನ ಪಕ್ಕ ಮರಳು ತಣ್ಣಗಿದೆ. ನಡುವೆ ಮಾತ್ರ ಬೆಳಗಾದ್ರೂ ಸುಡ್ತಿದೆ" ಎಂದ. "ನಿಮ್ಮತ್ತೆ ಕರೆಸಿದ್ರು. ನಾನು ಬೆಸುಗೆ ಕೆಲಸದವನು. ಎಲ್ಲರೂ ಕಿಡಿ ಅಂತಾರೆ."

"ನನಗೂ ಗೊತ್ತು ಅದು. ಬಿಸಿ ಇದೆ, ಮರಳು ಅದನ್ನ ಬಿಟ್ಟುಕೊಡ್ತಿಲ್ಲ."

"ನಮ್ಮಜ್ಜಿ ಹಾಗೇನೆ. ಪೆಟ್ಟಿಗೆ ತುಂಬ ಸೀರೆ, ಒಂದೂ ಕೊಡಲ್ಲ."

ನಗಬಾರದು ಎಂದುಕೊಂಡಳು. ಆದರೂ ನಗು ಬಂದುಬಿಟ್ಟಿತು...

ಅತ್ತೆ ಆಗಲೇ ಗಡುವು ಕೊಟ್ಟಿದ್ದರು. ಭಾನುವಾರದೊಳಗೆ ಬೆಡ್‌ಶೀಟ್ ಒಣಗದಿದ್ದರೆ ತೊಟ್ಟಿ ಕಿತ್ತುಹಾಕಿ ಹಳೆಯ ಡೀಸೆಲ್ ಒಲೆಯನ್ನೇ ತರಿಸುವುದಾಗಿ.

ಅವಳ ಯೋಚನೆ ಸರಳವಾಗಿತ್ತು. ಮರಳಿನ ಕಣ ಕಣದ ನಡುವೆ ಗಾಳಿ ಇದೆ. ಬಿಸಿಗೆ ದಾಟಲು ದಾರಿಯಿಲ್ಲ. ಲೋಹ ಕಡೆಯುವ ಲೇತ್ ಯಂತ್ರದಿಂದ ಉದುರುವ ಕಬ್ಬಿಣದ ಸುರುಳಿ ಚೂರುಗಳನ್ನು ಬೆರೆಸಿದರೆ ಒಂದಕ್ಕೊಂದು ಹೆಣೆದುಕೊಂಡು ದಾರಿಯಾಗುತ್ತವೆ. ಆ ಚೂರನ್ನು ಎಸೆಯುವವರೇ ಹೆಚ್ಚು.

"ಅವಕ್ಕೆ ಎಣ್ಣೆ ಹತ್ತಿರುತ್ತೆ, ತೊಳೆದು ಹಾಕಬೇಕು" ಎಂದ ಕಿಡಿ.

"ತೊಳೆಯೋದು ನಮಗೆ ಹೇಳಿಕೊಡ್ತೀರಾ?" ಎಂದು ಇಸ್ತ್ರಿ ಮಾಡುತ್ತಿದ್ದ ಅಕ್ಕ ಅಲ್ಲಿಂದಲೇ ಕೂಗಿದರು.

ವಾರವೆಲ್ಲ ಇಬ್ಬರೂ ಚೂರು ಬೆರೆಸುವ ಅಳತೆ ನೋಡಿದರು. ಅವನು ಪೈಪಿನ ಸೋರಿಕೆ ಮುಚ್ಚಿದ. ಅವನು ಬರುವ ಹೊತ್ತಿಗೆ ಅವಳ ಕಣ್ಣು ಬಾಗಿಲ ಕಡೆ ಹೋಗುತ್ತಿತ್ತು. 'ಚೂರಿಗಾಗಿ ಕಾಯ್ತಿದ್ದೀನಿ, ಅಷ್ಟೆ' ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಶನಿವಾರ ಅವನು ಚೀಲಗಳನ್ನು ತಂದಿಟ್ಟ. "ಒಂದು ತೊಳೆದದ್ದು, ಇನ್ನೊಂದು ಇನ್ನೂ ತೊಳೀಬೇಕು. ಪೈಪು ಬಿಗಿಯೋ ಕ್ಲಾಂಪ್ ತಂದುಬಿಡ್ತೀನಿ, ಇರಿ" ಎಂದು ಹೊರಟ.

ಅವಳಿಗೆ ಕಾಯುವ ತಾಳ್ಮೆ ಎಲ್ಲಿತ್ತು? ಒಂದು ಚೀಲದ ಚೂರು ಫಳಫಳ ಹೊಳೆಯುತ್ತಿತ್ತು, ಇನ್ನೊಂದರದ್ದು ಮಂಕಾಗಿ ಕಂದಿತ್ತು. ಹೊಳೆಯುವುದನ್ನೇ ಮರಳಿಗೆ ಬೆರೆಸಿ ತುಂಬಿದಳು.

ಸಂಜೆ ಒಣಗಿಸುವ ಕೋಣೆಯಿಂದ ನೀಲಿ ಹೊಗೆ ಬಂತು. ಬಿಳಿಯ ಬೆಡ್‌ಶೀಟ್‌ಗಳಿಗೆಲ್ಲ ಸುಟ್ಟ ಎಣ್ಣೆಯ ವಾಸನೆ.

"ತೊಳೆದಿದ್ದೀನಿ ಅಂದ್ರಲ್ಲ!" ಓಡಿಬಂದ ಕಿಡಿಯ ಮೇಲೆ ಅವಳು ಎಲ್ಲರೆದುರು ಸಿಡಿದಳು. "ನಂಬಿದ್ದೆ ನಿಮ್ಮನ್ನ."

ಅವನು ಉಳಿದ ಚೀಲವನ್ನೊಮ್ಮೆ ನೋಡಿದ. ಡೀಸೆಲ್ ಒಲೆಯವನನ್ನು ಕರೆಯಲು ಫೋನ್ ಹಿಡಿದು ನಿಂತಿದ್ದ ಅತ್ತೆಯನ್ನೊಮ್ಮೆ ನೋಡಿದ.

"ನನ್ನದೇ ತಪ್ಪು ಅಮ್ಮಾ. ತೊಟ್ಟಿಯದ್ದಲ್ಲ" ಎಂದಷ್ಟೇ ಹೇಳಿ ಹೊರಟುಹೋದ.

ಮರುದಿನ ಬೆಳಿಗ್ಗೆ ಆ ಮಂಕು ಚೀಲವನ್ನು ಆಚೆ ಎಸೆಯಲು ಎತ್ತಿದಳು. ಚೂರು ತಾಗಿದ ಕೈಯನ್ನು ಬಿಳಿಯ ಏಪ್ರನ್ನಿಗೆ ಒರೆಸಿದಳು. ಜಿಡ್ಡಿಲ್ಲ... ತೆಳುವಾದ ತುಕ್ಕಿನ ಪುಡಿ ಮಾತ್ರ.

ನೆಲದಲ್ಲಿ ಬಿದ್ದಿದ್ದ ಹೊಳೆಯುವ ಚೂರೊಂದನ್ನು ಎತ್ತಿ ಅದಕ್ಕೇ ಒತ್ತಿದಳು. ಏಪ್ರನ್ನಿನ ಮೇಲೆ ಕಪ್ಪು ಎಣ್ಣೆ ಮೂಡಿತು.

ತೊಳೆದ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ಹೊಳಪು ಉಳಿಸುವುದೇ ಎಣ್ಣೆ. ಹೊಳೆದದ್ದೆಲ್ಲ ಶುಭ್ರ ಎಂದು ನಂಬಿಬಿಟ್ಟಿದ್ದಳು, ಬಟ್ಟೆ ಒಗೆಯುವ ಮನೆಯ ಹುಡುಗಿ.

ಅವನ ವರ್ಕ್‌ಶಾಪಿಗೆ ಹೋದಾಗ ಅವನು ಗೇಟೊಂದಕ್ಕೆ ಬೆಸುಗೆ ಹಾಕುತ್ತಿದ್ದ.

"ತೊಳೆದ ಚೀಲ ಯಾವುದು ಅಂತ ನಿಮಗೆ ನಿನ್ನೆಯೇ ಗೊತ್ತಿತ್ತು" ಎಂದಳು. "ಯಾಕೆ ಹೇಳಲಿಲ್ಲ?"

ಅವನು ಮುಖದ ಕವಚ ಎತ್ತಿದ. "ನಿಮ್ಮತ್ತೆ ಫೋನ್ ಹಿಡಿದಿದ್ರಲ್ಲ. ತಪ್ಪು ನಿಮ್ಮದು ಅಂದಿದ್ರೆ ತೊಟ್ಟಿ ಹೋಗ್ತಿತ್ತು. ನನ್ನದು ಅಂದ್ರೆ ನಾನೊಬ್ಬನೇ ತಾನೆ ಹೋಗೋದು?"

ತೊಟ್ಟಿ ಉಳಿದರೂ ಇವನಿಲ್ಲದ ಲಾಂಡ್ರಿಯನ್ನು ಅವಳು ಬೆಳಗಿನಿಂದ ನೋಡಿದ್ದಳು. ಬಾಗಿಲ ಕಡೆ ನೋಡಲು ಕಾರಣವೇ ಇರಲಿಲ್ಲ.

"ಅತ್ತೆಗೆ ಎಲ್ಲ ಹೇಳಿಬಿಟ್ಟೇ ಬಂದೆ."

"ಅಯ್ಯೋ... ಏನಂದ್ರು?"

"ಸಂಜೆವರೆಗೂ ಟೈಮಿದೆ, ಆ ಹುಡುಗನ್ನ ಕರ್ಕೊಂಡು ಬರದಿದ್ರೆ ಒಳಗೆ ಕಾಲಿಡಬೇಡ ಅಂದ್ರು."

ಅವನು ಕೈಗವಸು ಕಳಚಿದ. "ಹಾಗಾದ್ರೆ ನಡೀರಿ. ನೀವು ಬೀದಿಪಾಲಾಗೋದು ಬೇಡ."

ಇಬ್ಬರೂ ತೊಟ್ಟಿ ಬರಿದು ಮಾಡಿ, ಹೊಸ ಮರಳಿಗೆ ಮಂಕು ಚೂರು ಬೆರೆಸಿ, ಪೈಪಿನ ಸುತ್ತ ಒತ್ತಿ ಒತ್ತಿ ತುಂಬಿದರು. ಮಧ್ಯಾಹ್ನದ ಬಿಸಿಲೆಲ್ಲ ಮರಳಿಗಿಳಿಯಿತು. ಸಂಜೆ ಫ್ಯಾನ್ ಹಾಕಿದರು. ಗಾಳಿ ಬಿಸಿಯಾಗಿ ಬಂತು. ಎಂದಿನಂತೆ ಸ್ವಲ್ಪ ಹೊತ್ತಿಗೇ ಉಗುರುಬೆಚ್ಚಗಾಗಲಿಲ್ಲ. ಬಟ್ಟೆಗಳ ಕೊನೆಯ ಸಾಲಿನವರೆಗೂ ಒಂದೇ ಸಮ ಬೀಸಿತು.

ಅತ್ತೆ ಬೆಡ್‌ಶೀಟೊಂದನ್ನು ಕೆನ್ನೆಗೆ ಒತ್ತಿ ನೋಡಿದರು. ಇನ್ನೊಂದನ್ನೂ ನೋಡಿದರು.

"ಒಣಗಿದೆ" ಎಂದರು, ಜಗಳದಲ್ಲಿ ಸೋತವರಂತೆ. ಆಮೇಲೆ ಅವಳ ತಲೆ ಸವರಿ, "ತೊಟ್ಟಿ ಇರಲಿ ಪುಟ್ಟಿ" ಎಂದು ಹೊರಗೆ ಹೋದರು. ಇಸ್ತ್ರಿ ಅಕ್ಕನನ್ನೂ ರಟ್ಟೆ ಹಿಡಿದು ಎಳೆದುಕೊಂಡೇ ಹೋದರು.

ಬಿಳಿಯ ಸಾಲುಗಳ ನಡುವೆ ಇಬ್ಬರೇ ಉಳಿದರು.

"ಕೆಲಸ ಮುಗೀತಲ್ಲ" ಎಂದಳು. "ನಾಳೆಯಿಂದ ನೀವು..."

"ಮುಚ್ಚಳದ ಹಿಡಿ ಸಡಿಲ ಆಗಿದೆ. ನಾಳೆ ಬರಬೇಕಾಗುತ್ತೆ."

"ಅದನ್ನ ನಾನೇ ಬಿಗಿ ಮಾಡಿದೆ."

"ಗೊತ್ತು. ಆಮೇಲೆ ನಾನು ಸಡಿಲ ಮಾಡಿದೆ."

ಅವಳು ನಗುವನ್ನು ಮರೆಮಾಡಲು ಬೆಡ್‌ಶೀಟೊಂದನ್ನು ಎಳೆದುಕೊಂಡಳು. ಅದರ ಇನ್ನೊಂದು ಅಂಚನ್ನು ಅವನು ಹಿಡಿದ. ಮಡಚಲು ಇಬ್ಬರೂ ಹತ್ತಿರ ಬಂದರು. ಮೂಲೆಗೆ ಮೂಲೆ ಸೇರಿತು, ಬೆರಳಿಗೆ ಬೆರಳು ತಾಗಿತು. ಅವನು ಕೈ ಹಿಂದೆಗೆಯಲಿಲ್ಲ.

"ಕಾರಣ ಹುಡುಕ್ಕೊಂಡು ಬರಬೇಡಿ ಇನ್ಮೇಲೆ" ಎಂದಳು ಮೆಲ್ಲಗೆ. "ನನಗೋಸ್ಕರ ಬನ್ನಿ."

"ದಿನಾ ಬಂದ್ರೆ ಬೇಜಾರಾಗಲ್ವಾ?"

"ಬರದಿದ್ದ ಒಂದು ಬೆಳಿಗ್ಗೆನೇ ನನಗೆ ಸಾಕಾಗಿ ಹೋಗಿದೆ."