ಮಾಲ್ಟ್ ದಿನ

"ಅತ್ತೆ, ನಿಜ ಹೇಳ್ಬಿಡಿ. ಮಗೂಗೆ ಹಾಲು ಕೊಟ್ರಾ?"

ಅಮ್ಮ ಹೊಸ್ತಿಲು ದಾಟುವ ಮೊದಲೇ ಕೇಳಿದಳು. ಅವಳ ಹೆಗಲ ಮೇಲೆ ಭಾನು ನಿದ್ದೆ ಹೋಗಿದ್ದ. ಪೂರ್ತಿ ಹೆಸರು ಭಾನುಪ್ರಕಾಶ್, ವಯಸ್ಸು ಒಂದೂವರೆ ವರ್ಷ. ತುಟಿ ಊದಿ ದಪ್ಪಗಾಗಿತ್ತು. ಕುತ್ತಿಗೆಯಿಂದ ಹೊಟ್ಟೆಯವರೆಗೆ ಕೆಂಪು ದದ್ದು. ಚಿಕ್ಕಬಳ್ಳಾಪುರಕ್ಕೆ ಓಡಿ, ಡಾಕ್ಟರ ಹತ್ತಿರ ಇಂಜೆಕ್ಷನ್ ಹಾಕಿಸಿಕೊಂಡು ಈಗಷ್ಟೇ ವಾಪಸ್ ಬಂದಿದ್ದರು.

ಅಜ್ಜಿ ಮುನಿಗಂಗಮ್ಮ ಎದ್ದು ನಿಂತಳು. ಅವರು ಹೋದಾಗಿನಿಂದ ಅವಳು ಜಗುಲಿ ಬಿಟ್ಟು ಅಲುಗಿರಲಿಲ್ಲ.

"ಇಲ್ಲಮ್ಮ," ಅಂದಳು.

"ಮತ್ತೆ ಡೈರೀಲಿ ಹೆಂಗಾಯ್ತು?"

ಅಜ್ಜಿ ಸಿಕ್ಕಿಬಿದ್ದದ್ದೇ ಅಲ್ಲಿ. ಸಂಜೆ ಅವಳು ಒಂದು ಕೈಯಲ್ಲಿ ಹಾಲಿನ ಕ್ಯಾನು ಹಿಡಿದು, ಕಂಕುಳಲ್ಲಿ ಭಾನುವನ್ನು ಎತ್ತಿಕೊಂಡು ಡೈರಿಗೆ ಹೋಗಿದ್ದಳು. ಸಾಲಿನಲ್ಲಿ ನಿಂತಿದ್ದಾಗಲೇ ಮಗು ವಾಂತಿ ಮಾಡಿತು, ನೋಡನೋಡುತ್ತಿದ್ದಂತೆ ಮುಖ ಊದಿತು. ಹಾಲು ಹಾಕಲು ಬಂದವರೆಲ್ಲ ನೋಡಿದರು. ಹಾಲು ಒಗ್ಗದ ಮಗು, ಹಾಲಿನ ಡೈರಿ, ಜೊತೆಯಲ್ಲಿ ಅಜ್ಜಿ. ಯಾರಿಗೆ ತಾನೆ ಅನುಮಾನ ಬರುವುದಿಲ್ಲ?

ಎದೆಹಾಲು ಬಿಡಿಸಿ ಹಸುವಿನ ಹಾಲು ಶುರು ಮಾಡಿದಾಗಿನಿಂದ ಭಾನುವಿಗೆ ಇದೇ ಗೋಳು. ಕುಡಿದರೆ ವಾಂತಿ, ಭೇದಿ, ಮೈತುಂಬ ದದ್ದು. ಹಾಲಿನ ಅಲರ್ಜಿ ಇರಬಹುದು, ಸದ್ಯಕ್ಕೆ ಅನುಮಾನ ಅಷ್ಟೇ ಎಂದು ಡಾಕ್ಟರು ಹೇಳಿದ್ದರು. ನಾಲ್ಕು ವಾರ ಹಾಲು, ಮೊಸರು, ಮಜ್ಜಿಗೆ, ತುಪ್ಪ, ಬಿಸ್ಕತ್ತು ಒಂದೂ ಬಾಯಿಗೆ ಹೋಗಬಾರದು, ಆಮೇಲೆ ನೋಡೋಣ ಅಂದಿದ್ದರು. ಎರಡು ವಾರ ಮಗು ಚೆನ್ನಾಗಿತ್ತು. ದದ್ದು ಒಣಗಿ, ಕೆನ್ನೆ ತುಂಬಿಕೊಳ್ಳುತ್ತಿತ್ತು. ಈಗ ಮತ್ತೆ ಮೊದಲಿನಿಂದ ನಾಲ್ಕು ವಾರ.

ಡಾಕ್ಟರ ಮಾತು ಕೇಳಿ ಮೊದಲ ದಿನ ಅಜ್ಜಿ ರೇಗಿದ್ದಳು. ಮಗುವಿಗೆ ಹಾಲು ಬೇಡ ಅನ್ನುವ ಡಾಕ್ಟರನ್ನು ತಾನೆಲ್ಲೂ ಕಂಡಿಲ್ಲ, ಇದೇ ಕೊಟ್ಟಿಗೆಯ ಹಾಲು ಕುಡಿಸಿ ನಾಲ್ಕು ಮಕ್ಕಳನ್ನು ಬೆಳೆಸಿದ್ದೇನೆ ಎಂದು ಬೀದಿಗೆ ಕೇಳುವಂತೆ ಕೂಗಾಡಿದ್ದಳು. ಆ ಮಾತು ಈಗ ಅವಳ ಕುತ್ತಿಗೆಗೇ ಬಂತು.

"ಅವತ್ತು ಬಾಯಿಗೆ ಬಂದಂಗೆ ಅಂದಿದ್ದು ನಿಜ ಕಣಮ್ಮ. ಆದ್ರೆ ಕೊಟ್ಟಿಲ್ಲ."

ಅಮ್ಮ ಪದ್ಮಶ್ರೀ ಕಡೆ ತಿರುಗಿದಳು. ಪದ್ಮಶ್ರೀ ಐದನೇ ಕ್ಲಾಸು. ಸ್ಕೂಲ್ ಬಿಟ್ಟು ಬಂದ ಮೇಲೆ ತಮ್ಮನ ಬಾಲ ಬಿಡದವಳು.

"ಪದ್ಮ, ಅಜ್ಜಿ ಏನಾದ್ರೂ ಕೊಟ್ಟಿದ್ದು ನೀನು ನೋಡಿದ್ಯಾ?"

ಪದ್ಮಶ್ರೀ ಯೋಚಿಸಿದಳು. ಕಂಡದ್ದನ್ನು ಹೇಳಬೇಕು, ಸುಳ್ಳು ಹೇಳಬಾರದು.

"ನಿನ್ನೆ ಅಜ್ಜಿ ಮಜ್ಜಿಗೆ ಅನ್ನ ತಿನ್ತಿತ್ತು. ಭಾನು ಮಡಿಲಲ್ಲಿ ಕೂತು ಬಾಯಿ ತೆಗೀತಿದ್ದ."

"ಕೊಡ್ತಾ?"

"ನಾನು ಹೋಂವರ್ಕ್ ಮಾಡ್ತಿದ್ದೆ. ಕೊಟ್ಟಿರಬಹುದು."

ಅಷ್ಟು ಸಾಕಾಯಿತು. ಅಜ್ಜಿ ಮೊಮ್ಮಗಳ ಮುಖವನ್ನೇ ನೋಡಿದಳು. ಅಮ್ಮ ಮಗುವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡಳು.

"ಇನ್ಮೇಲೆ ನನ್ನ ಮಗೂನ ಮುಟ್ಬೇಡಿ ಅತ್ತೆ."

ಅಪ್ಪ ಮೋಹನ್‌ಬಾಬು ಗಾಡಿಯ ಕೀ ಕೈಯಲ್ಲಿ ಹಿಡಿದು ಅಂಗಳದಲ್ಲೇ ನಿಂತಿದ್ದ. ಹೆಂಡತಿಗೆ ಸುಮ್ಮನಿರು ಅನ್ನಲಿಲ್ಲ, ತಾಯಿಗೂ ಒಂದು ಮಾತು ಹೇಳಲಿಲ್ಲ. ಆಡಬೇಕಾದ ಹೊತ್ತಿನಲ್ಲಿ ಬಾಯಿ ಕಳೆದುಕೊಳ್ಳುವ ಗಂಡಸರು ಇರುತ್ತಾರೆ. ಅವನು ಆ ಪೈಕಿ.

ಮಾರನೆಯ ಬೆಳಿಗ್ಗೆ ಅಜ್ಜಿ ಎಂದಿನಂತೆ ಹಾಲು ಕರೆದು ಡೈರಿಗೆ ಹಾಕಿ ಬಂದಳು. ಕ್ಯಾನು ತೊಳೆದು ಬೋರಲು ಹಾಕಿದಳು. ಎರಡು ಸೀರೆ ಬ್ಯಾಗಿಗೆ ತುರುಕಿಕೊಂಡು, ಕೆಂಚಾರ್ಲಹಳ್ಳಿಯ ಮಗಳ ಮನೆಗೆ ಹೋಗಿಬರುತ್ತೇನೆ ಎಂದಳು. ಎಷ್ಟು ದಿನ ಎಂದು ಯಾರೂ ಕೇಳಲಿಲ್ಲ.

"ತಮ್ಮನ್ನ ನೋಡ್ಕೋ ತಲ್ಲಿ," ಎಂದು ಪದ್ಮಶ್ರೀಗೆ ಹೇಳಿದಳು. ಪದ್ಮಶ್ರೀ ಒಳಗೆ ಹೋದಳು. ಮಗುವಿಗೆ ಮಜ್ಜಿಗೆ ತಿನ್ನಿಸಿ, ತಿನ್ನಿಸಿಲ್ಲ ಎಂದು ಸುಳ್ಳು ಹೇಳುವ ಅಜ್ಜಿಯ ಮೇಲೆ ಅವಳಿಗೆ ಸಿಟ್ಟಿತ್ತು. ಬಸ್ ಸ್ಟಾಪಿನವರೆಗೂ ಹೋಗಲಿಲ್ಲ.

ಸೋಮವಾರ ಸ್ಕೂಲಿನಲ್ಲಿ ಮಾಲ್ಟ್ ದಿನ. ವಾರದಲ್ಲಿ ಮೂರು ದಿನ ರಾಗಿ ಮಾಲ್ಟ್, ಉಳಿದ ಎರಡು ದಿನ ಬಿಳಿ ಹಾಲು. ಹಾಲಿನ ದಿನ ಲೋಟದಲ್ಲಿ ಕೆನೆ ಕಾಣುತ್ತದೆ. ಮಾಲ್ಟ್ ದಿನ ಎಲ್ಲ ಕಂದು ಬಣ್ಣ, ಸಿಹಿ, ಹುಡುಗರೆಲ್ಲ ಎರಡನೇ ಸಲ ಹಾಕಿಸಿಕೊಳ್ಳಲು ನುಗ್ಗುತ್ತಾರೆ.

ಹೋದ ವಾರದಿಂದ ಪದ್ಮಶ್ರೀ ಎರಡನೇ ಸಲ ಹಾಕಿಸಿಕೊಂಡದ್ದನ್ನು ಕುಡಿಯುತ್ತಿರಲಿಲ್ಲ. ವಾಟರ್ ಬಾಟಲಿಗೆ ಸುರಿದು, ಮುಚ್ಚಳ ಬಿಗಿದು, ಬ್ಯಾಗಿನ ತಳದಲ್ಲಿ ಇಟ್ಟುಕೊಳ್ಳುತ್ತಿದ್ದಳು. ಮನೆಯಲ್ಲಿ ಯಾರು ಏನು ಕುಡಿದರೂ ಭಾನು ಕೈ ಚಾಚುತ್ತಿದ್ದ. ಎಲ್ಲರೂ ಲೋಟ ಬಚ್ಚಿಟ್ಟುಕೊಳ್ಳುತ್ತಿದ್ದರು. ಅವನಿಗೆ ಸಿಗುತ್ತಿದ್ದದ್ದು ನೀರಿನಲ್ಲಿ ಕಾಯಿಸಿದ ರಾಗಿ ಗಂಜಿ. ಅದು ಸಾಕಾಗಿ ಉಗಿಯುತ್ತಿದ್ದ. ಇದೂ ರಾಗಿಯೇ, ಆದರೆ ರುಚಿ. ಹುಲ್ಲಿನ ಬಣವೆಯ ಹಿಂದೆ ಕೂರಿಸಿಕೊಂಡು ಬಾಟಲಿಯ ಮುಚ್ಚಳದಲ್ಲಿ ಕುಡಿಸಿದಾಗ ಅವನು ಎರಡೂ ಕೈಯಿಂದ ಅವಳ ಕೈ ಹಿಡಿದುಕೊಂಡಿದ್ದ. ಸ್ಕೂಲಿನದನ್ನು ಮನೆಗೆ ಒಯ್ಯಬಾರದು ಎಂದು ಸಂಘಮಿತ್ರ ಮಿಸ್ ಹೇಳಿದ್ದರಿಂದ ಅವಳು ಇದನ್ನು ಯಾರಿಗೂ ಹೇಳಿರಲಿಲ್ಲ. ಸೋಮವಾರ, ಬುಧವಾರ ಒಂದೊಂದು ಮುಚ್ಚಳ. ಎರಡು ಕೆಂಪು ಗುಳ್ಳೆ ಎದ್ದಾಗ ಅಮ್ಮ ಸೊಳ್ಳೆ ಕಚ್ಚಿದೆ ಅಂದಳು. ಶುಕ್ರವಾರ, ಅಜ್ಜಿ ಡೈರಿಗೆ ಹೊರಡುವ ಸ್ವಲ್ಪ ಮೊದಲು, ಅರ್ಧ ಬಾಟಲಿ.

ಈ ಸೋಮವಾರ ಅಡುಗೆಯ ಆಂಜಿನಮ್ಮ ಖಾಲಿ ಪಾತ್ರೆಯ ಮುಂದೆ ಕೂತಿದ್ದಳು. ಹಾಲಿನ ಪುಡಿ ಬಂದಿಲ್ಲ, ಮಾಲ್ಟ್ ಇಲ್ಲ, ಎಲ್ಲರೂ ಕ್ಲಾಸಿಗೆ ಹೋಗಿ ಎಂದಳು.

"ಹಾಲಿನ ಪುಡಿ ಬಂದಿಲ್ದಿದ್ರೆ ಏನಕ್ಕಾ? ಇವತ್ತು ಮಾಲ್ಟ್ ದಿನ ಅಲ್ವಾ?" ಎಂದು ಪದ್ಮಶ್ರೀ ಕೇಳಿದಳು.

ಆಂಜಿನಮ್ಮ ನಕ್ಕಳು. "ಮಾಲ್ಟ್‌ನ ಬರೀ ನೀರಿಗೆ ಹಾಕ್ತೀನಾ? ಹಾಲು ಕಾಯಿಸಿ ಅದಕ್ಕೇ ಕಲಸೋದು ಕಣಮ್ಮ. ಇಷ್ಟು ದಿನ ಏನು ಕುಡೀತಿದ್ಯೋ ಗೊತ್ತಿಲ್ವಾ ನಿಂಗೆ?"

ಸಾಲಿನಲ್ಲಿದ್ದವರೂ ನಕ್ಕರು. ಪದ್ಮಶ್ರೀ ಬಾಟಲಿ ಹಿಡಿದು ನಲ್ಲಿಯ ಹತ್ತಿರ ಹೋದಳು. ನೀರು ತುಂಬಿ ಹೊರಗೆ ಹರಿದರೂ ನಲ್ಲಿ ನಿಲ್ಲಿಸಲಿಲ್ಲ. ಕ್ಲಾಸಿನಲ್ಲಿ ಸಂಘಮಿತ್ರ ಮಿಸ್ ಹೊಟ್ಟೆ ನೋವಾ ಎಂದು ಕೇಳಿದರು. ಹೌದೆಂದು ತಲೆ ಆಡಿಸಿದಳು.

ಸಂಜೆ ಮನೆಗೆ ಬಂದಾಗ ಅಮ್ಮ ಹಾಲು ಕರೆಯುತ್ತಿದ್ದಳು. ಅವಳಿಗೆ ಅಭ್ಯಾಸವಿಲ್ಲ, ಬೆರಳು ನೋಯುತ್ತಿದ್ದವು. ಹೇಳಿಬಿಡಬೇಕು ಎಂದು ಪದ್ಮಶ್ರೀ ಕೊಟ್ಟಿಗೆಯ ಬಾಗಿಲವರೆಗೆ ಹೋದಳು. ಅಷ್ಟರಲ್ಲಿ ಭಾನು ಹಿಂದಿನಿಂದ ಬಂದು ಲಂಗ ಹಿಡಿದು ಜಗ್ಗಿದ, ಎತ್ತಿಕೋ ಎಂದು ಕೈ ಮೇಲೆ ಮಾಡಿದ. ಹೇಳಿದರೆ ಅಮ್ಮ ಅಜ್ಜಿಗೆ ಅಂದದ್ದನ್ನೇ ತನಗೂ ಅನ್ನುತ್ತಾಳೆ. ತಮ್ಮನನ್ನು ಎತ್ತಿಕೊಂಡು ಆಚೆ ಹೋಗಿಬಿಟ್ಟಳು. ಮಂಗಳವಾರವೂ ಅದೇ ಆಯಿತು.

ಬುಧವಾರ ಅಜ್ಜಿಯ ಮಗಳು ಕೆಂಚಾರ್ಲಹಳ್ಳಿಯಿಂದ ಅಪ್ಪನಿಗೆ ಫೋನ್ ಮಾಡಿದಳು. ಮಾತೆಲ್ಲ ಮುಗಿದ ಮೇಲೆ ಹಿಂದಿನಿಂದ ಅಜ್ಜಿಯ ದನಿ ಕೇಳಿಸಿತು.

"ದದ್ದು ಇಳೀತಾ ಕೇಳು."

ಅಷ್ಟೇ ಕೇಳಿದ್ದು. ಪದ್ಮಶ್ರೀ ನೆಟ್ಟಗೆ ಕೊಟ್ಟಿಗೆಗೆ ಹೋದಳು.

"ಅಮ್ಮ, ಅಜ್ಜಿ ಅಲ್ಲ. ನಾನು ಕೊಟ್ಟೆ."

ಅಮ್ಮನ ಕೈ ನಿಂತಿತು. ಏನು, ಎಷ್ಟು, ಯಾವ ಯಾವ ದಿನ ಎಂದು ಒಂದೊಂದೇ ಕೇಳಿದಳು. ಪದ್ಮಶ್ರೀ ಎಲ್ಲ ಹೇಳಿದಳು. ಮಾಲ್ಟ್ ಅಂದರೆ ಹಾಲೇ ಎಂಬುದು ಸೋಮವಾರದವರೆಗೆ ಗೊತ್ತಿರಲಿಲ್ಲ ಎಂಬುದನ್ನೂ ಹೇಳಿದಳು. ಅಮ್ಮ ಹೊಡೆಯಲಿಲ್ಲ, ಬೈಯಲಿಲ್ಲ. ತಮ್ಮನನ್ನು ಮುಟ್ಟಬೇಡ ಎಂದೂ ಅನ್ನಲಿಲ್ಲ. ಹಸುವಿನ ಪಕ್ಕೆಗೆ ಹಣೆ ಆನಿಸಿಕೊಂಡಳು.

"ಎಂಥಾ ಮಾತು ಅಂದ್ಬಿಟ್ಟೆ ನಾನು," ಎಂದಳು. ಅದು ಮಗಳಿಗೆ ಹೇಳಿದ್ದಲ್ಲ.

ಭಾನುವಾರ ನಾಲ್ವರೂ ಚಿಂತಾಮಣಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ ಹತ್ತಿ ಕೆಂಚಾರ್ಲಹಳ್ಳಿಯಲ್ಲಿ ಇಳಿದರು. ಅಜ್ಜಿ ಬರುತ್ತಾಳೋ ಇಲ್ಲವೋ ಎಂದು ಪದ್ಮಶ್ರೀ ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದಳು. ಅಜ್ಜಿ ಬೈದರೆ ಏನು ಹೇಳುವುದು, ಅತ್ತರೆ ಏನು ಮಾಡುವುದು, ಎಲ್ಲ ಯೋಚಿಸಿಟ್ಟುಕೊಂಡಿದ್ದಳು.

ಅಜ್ಜಿ ರೇಷ್ಮೆ ಹುಳುವಿಗೆ ಸೊಪ್ಪು ಹಾಕುತ್ತಿದ್ದವಳು ಹೊರಗೆ ಬಂದಳು. ಒಂದು ವಾರದಲ್ಲೇ ಸಣ್ಣಗಾದಂತೆ ಕಂಡಳು.

"ತಪ್ಪಾಯ್ತು ಅತ್ತೆ," ಅಂದಳು ಅಮ್ಮ. ಮಾಲ್ಟಿನ ವಿಷಯ ಹೇಳಿದಳು.

"ನಾನೇ ಅಜ್ಜಿ," ಅಂದಳು ಪದ್ಮಶ್ರೀ. "ನೋಡ್ದೇನೇ ಕೊಟ್ಟಿರಬಹುದು ಅಂದೆ."

"ಆಯ್ತು ಬಿಡ್ರಮ್ಮ. ಮಗು ಹುಷಾರಾಯ್ತಲ್ಲ." ಅಜ್ಜಿ ಬೈಯಲಿಲ್ಲ, ಅಳಲೂ ಇಲ್ಲ. ಕೂತುಕೊಳ್ಳಿ, ಬಸ್ಸಿನಲ್ಲಿ ಸೀಟು ಸಿಕ್ಕಿತಾ ಎಂದು ಕೇಳಿದಳು. ಅಪ್ಪ ನೆಲ ನೋಡುತ್ತ, ಸಂಜೆ ಜೊತೆಗೆ ಮನೆಗೆ ಹೋಗೋಣ ಎಂದಾಗ ಹೂಂ ಅಂದಳು.

ಅಮ್ಮನ ಕಂಕುಳಿಂದ ಭಾನು ಅಜ್ಜಿಯ ಕಡೆ ಬಗ್ಗಿ ಎರಡೂ ಕೈ ಚಾಚಿದ. ಅಜ್ಜಿ ಒಂದು ಹೆಜ್ಜೆ ಮುಂದಿಟ್ಟು ನಿಂತಳು. ತಿರುಗಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹೋದಳು. ಸೋಪು ತೆಗೆದುಕೊಂಡು ಮೊಣಕೈವರೆಗೆ ತಿಕ್ಕಿ ತೊಳೆದಳು. ಇನ್ನೊಂದು ಸಲ ತೊಳೆದಳು. ಸೆರಗಿಗೆ ಒರೆಸಿಕೊಳ್ಳದೆ ಹಾಗೇ ಬಂದು, ಅಮ್ಮನ ಮುಂದೆ ಎರಡೂ ಅಂಗೈ ಬಿಚ್ಚಿ ತೋರಿಸಿದಳು.

ಬೆರಳ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಅಮ್ಮ ಆ ಕೈಗಳನ್ನು ನೋಡಲಾರದೆ ಮುಖ ತಿರುಗಿಸಿದಳು. ಮಗುವನ್ನು ಅಜ್ಜಿಯ ಕೈಗೆ ಕೊಟ್ಟಳು.

ಅಜ್ಜಿ ಮನೆಗೆ ಬರುತ್ತಾಳೆ, ಅದು ಪದ್ಮಶ್ರೀಗೆ ಗೊತ್ತಾಯಿತು. ಬಂದ ಮೇಲೂ, ನಾಳೆಯೂ, ನಾಡಿದ್ದೂ, ಭಾನುವನ್ನು ಎತ್ತಿಕೊಳ್ಳುವ ಮೊದಲು ಹೀಗೇ ಅಂಗೈ ತೋರಿಸುತ್ತಾಳೆ ಎಂಬುದೂ ಗೊತ್ತಾಯಿತು. ಬಸ್ಸಿನಲ್ಲಿ ಯೋಚಿಸಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ಅವಳ ಉಪಯೋಗಕ್ಕೆ ಬರಲಿಲ್ಲ.

ಅವಳು ಕಲ್ಲಿನ ಹತ್ತಿರ ಹೋದಳು. ಸೋಪು ಇನ್ನೂ ಒದ್ದೆಯಾಗಿತ್ತು. ತೋಳು ಮಡಿಸಿ, ತನ್ನ ಕೈಗಳನ್ನೂ ಮೊಣಕೈವರೆಗೆ ತೊಳೆಯತೊಡಗಿದಳು.