ಕ್ಯಾಲೆಂಡರ್ ಬೈಂಡು

"ಲೇ ಕ್ರಾಂತಿ, ಟ್ರಂಕಿನಾಗಿದ್ದ ಹಳೇ ಕ್ಯಾಲೆಂಡರ್ ಎಲ್ಲಿ ಹೋತು?"

ಕ್ರಾಂತಿ ಪುಸ್ತಕದ ಚೀಲವನ್ನು ಬೆನ್ನ ಹಿಂದೆ ಸರಿಸಿದಳು. ಅವ್ವ ಈಗಷ್ಟೇ ಹಿರೇಹಡಗಲಿ ಆಸ್ಪತ್ರೆಯಿಂದ ಡ್ಯೂಟಿ ಮುಗಿಸಿ ಬಂದಿದ್ದಳು. ನರ್ಸ್ ಯೂನಿಫಾರ್ಮನ್ನೂ ಬದಲಿಸಿರಲಿಲ್ಲ. ಕುಕ್ಕರ್ ಇಟ್ಟವಳೇ ಟ್ರಂಕಿನ ಮುಂದೆ ಕೂತುಬಿಟ್ಟಿದ್ದಳು.

ಇದಕ್ಕೆಲ್ಲ ಕಾರಣ ತಮ್ಮ ಪ್ರಬುದ್ಧ. ಅವತ್ತು ಅವನ ಮೊದಲ ಹಲ್ಲು ಬಿದ್ದಿತ್ತು. ಅದನ್ನು ಅಂಗೈಯಲ್ಲಿಟ್ಟುಕೊಂಡು, "ಅವ್ವಾ, ಅಕ್ಕಂದು ಯಾವಾಗ ಬಿದ್ದಿತ್ತು? ಹೇಳವ್ವಾ" ಎಂದು ಪ್ರಾಣ ತಿನ್ನುತ್ತಿದ್ದ.

"ತಡಿಯೋ, ಬರ್ದಿಟ್ಟೀನಿ. ನಾಕು ವರ್ಷದ ಹಿಂದಿನ ಕ್ಯಾಲೆಂಡರಿನಾಗ ಐತಿ."

"ಅವ್ವಾ... ಅದನ್ನ ಹರ್ದು ಪುಸ್ತಕಕ್ಕ ಬೈಂಡ್ ಹಾಕೀನಿ" ಎಂದಳು ಕ್ರಾಂತಿ. "ಬೈಂಡ್ ಇಲ್ಲದಿದ್ರ ನಾಳೆ ಹೊರಗ ನಿಲ್ಲಸ್ತೀನಿ ಅಂದಾರ ಏಕಾಂತಪ್ಪ ಸರ್. ಆರು ಹಾಳಿ ನಂಗ, ಆರು ನನ್ನ ಬೆಂಚಿನ ಗೀತಾಂಜಲಿಗೆ."

ಈಗ ಬೈಗುಳ ಬೀಳುತ್ತದೆ ಎಂದು ಕಣ್ಣು ಮುಚ್ಚಿಕೊಂಡಳು. ಬೀಳಲಿಲ್ಲ. ಅವ್ವ ಟ್ರಂಕ್ ಮುಚ್ಚಿ, "ಇರ್ಲಿ ಬಿಡು" ಎಂದು ಅಡುಗೆಮನೆಗೆ ಹೋದಳು. ಬೈದಿದ್ದರೇ ವಾಸಿಯಿತ್ತು.

ಕ್ರಾಂತಿ ಮೆಲ್ಲಗೆ ಗಣಿತ ಪುಸ್ತಕದ ಬೈಂಡ್ ಬಿಚ್ಚಿದಳು. ತಾರೀಖುಗಳ ಮೇಲೆ ಪೆನ್ನಿನ ಗೀಚು ಕಂಡು, ಅಂದ ಕೆಡುತ್ತದೆಂದು ಆ ಕಡೆಯನ್ನು ಒಳಗೆ ಮಡಚಿದ್ದಳು. ಓದಿರಲಿಲ್ಲ. ಈಗ ಓದಿದಳು.

ಹನ್ನೆರಡನೇ ತಾರೀಖು: ಗ್ಯಾಸ್ ಬಂತು. ಪ್ರಬುದ್ಧ ಅಪ್ಪನ ಚಪ್ಪಲಿ ಹಾಕಿಕೊಂಡು ಓಣಿಯೆಲ್ಲ ತಿರುಗಿದ.

ಇಪ್ಪತ್ತನೇ ತಾರೀಖು: ಕ್ರಾಂತಿ ತಾನೇ ಜಡೆ ಹಾಕಿಕೊಂಡಳು. ಒಂದು ಮೇಲೆ, ಒಂದು ಕೆಳಗೆ. ಬಿಚ್ಚಲು ಬಿಡಲಿಲ್ಲ.

ಹೆಬ್ಬೆರಳಿನಷ್ಟು ಜಾಗ, ಅದರೊಳಗೆ ಒಂದು ದಿನ. ಕೆಲವು ಅಕ್ಷರಗಳು ನಿದ್ದೆಗಣ್ಣಿನಲ್ಲಿ ಬರೆದಂತೆ ಕೆಳಗೆ ಜಾರಿದ್ದವು. ಒಂದು ಕಡೆ ಅರಿಶಿನದ ಬೆರಳಿನ ಗುರುತಿತ್ತು. ಇಬ್ಬರು ಮಕ್ಕಳು, ಡ್ಯೂಟಿ, ರೊಟ್ಟಿ, ಬಟ್ಟೆ, ಬಸ್ಸು. ಇಷ್ಟರ ನಡುವೆ ಅವ್ವ ಇದನ್ನೆಲ್ಲ ಯಾವಾಗ ಬರೆದಳು? ಕ್ರಾಂತಿಗೆ ಅವ್ವನ ಮೇಲೆ ಹೇಳಲಾರದಷ್ಟು ಹೆಮ್ಮೆಯಾಯಿತು. ಅಷ್ಟೇ ಸಂಕಟವೂ ಆಯಿತು. ಉಳಿದ ಪುಸ್ತಕಗಳ ಬೈಂಡನ್ನೂ ಬಿಚ್ಚಿ ನೋಡಿದಳು. ಹಲ್ಲಿನ ಸುದ್ದಿ ತನ್ನ ಆರೂ ಹಾಳೆಗಳಲ್ಲಿ ಇರಲಿಲ್ಲ.

ಮರುದಿನ ಪ್ರಾರ್ಥನೆಗೆ ಮುಂಚೆಯೇ ಗೀತಾಂಜಲಿಯನ್ನು ಹಿಡಿದಳು.

"ಲೇ, ನನ್ನ ಹಾಳಿ ವಾಪಸ್ ಕೊಡು."

"ಹುಚ್ಚಿಯೇನ ನೀನು? ಲೇಬಲ್ ಸೈತ ಅಂಟಿಸೀನಿ! ಸರ್ ಹೊರಗ ನಿಲ್ಲಸ್ತಾರ."

"ಇಬ್ರೂ ನಿಲ್ಲೋಣ. ಒಳಗ ನಮ್ಮವ್ವ ಬರ್ದಾಳ, ನೋಡು."

ಗೀತಾಂಜಲಿ ಮುಖ ಗಂಟಿಕ್ಕಿಕೊಂಡೇ ಬೈಂಡ್ ಬಿಚ್ಚಿದಳು. ಓದುತ್ತಾ ಓದುತ್ತಾ ಪಕಪಕನೆ ನಕ್ಕುಬಿಟ್ಟಳು. "ಲೇ ಕ್ರಾಂತಿ, ನಿನ್ನ ಹಲ್ಲನ್ನ ರೊಟ್ಟಿ ಜೊತಿ ನುಂಗಿದ್ದಿಯೇನ?"

ಅವತ್ತು ಇಬ್ಬರೂ ಒಂದು ಪೀರಿಯಡ್ ವರಾಂಡದಲ್ಲಿ ನಿಂತರು. ನಗು ತಡೆಯಲಾಗದೆ ಇನ್ನೊಂದು ಪೀರಿಯಡ್ ನಿಂತರು.

ಸಂಜೆ ಕ್ರಾಂತಿ ಹನ್ನೆರಡೂ ಹಾಳೆಗಳನ್ನು ಅವ್ವನ ಮುಂದೆ ಹರಡಿದಳು. ಅವ್ವ ಒಂದೊಂದನ್ನೂ ಅಂಗೈಯಿಂದ ತೀಡಿ ಮಡಿಕೆ ಬಿಡಿಸಿದಳು. "ಮಾಗಳದಾಗ ನೀವಿಬ್ರೂ ಹೊಳಿಗೆ ಇಳಿದಿದ್ದು! ಇದನ್ನ ನಾನು ಮರ್ತೇ ಬಿಟ್ಟಿದ್ದೆ ನೋಡು" ಎಂದು ನಕ್ಕಳು. ಪ್ರಬುದ್ಧ ಹಲ್ಲು ನುಂಗಿದ ಕತೆಯನ್ನು ಮೂರು ಸಲ ಓದಿಸಿಕೊಂಡ.

ಕ್ರಾಂತಿ ಮಾತ್ರ ಮೊದಲ ಹಾಳೆಯಿಂದ ಮತ್ತೆ ಹುಡುಕಿದಳು. ಅಪ್ಪ ಇದ್ದ. ತಮ್ಮ ಇದ್ದ. ತಾನಂತೂ ಎಲ್ಲೆಲ್ಲೂ ಇದ್ದಳು. ಅವ್ವನ ಬಗ್ಗೆ ಇದ್ದದ್ದು ಒಂದೇ ಮಾತು: ಡ್ಯೂಟಿ.

ಅವ್ವ ರೊಟ್ಟಿ ತಟ್ಟಲು ಎದ್ದು ಹೋದಾಗ, ಕ್ರಾಂತಿ ಪೆನ್ನು ಹಿಡಿದು ಸ್ಟೂಲ್ ಹತ್ತಿದಳು. ಗೋಡೆಯ ಹೊಸ ಕ್ಯಾಲೆಂಡರಿನಲ್ಲಿ ನಿನ್ನೆಯ ಚೌಕ ಖಾಲಿಯಿತ್ತು. ಪ್ರಬುದ್ಧನ ಹಲ್ಲು ಬಿದ್ದರೂ ಅವ್ವ ಏನೂ ಬರೆದಿರಲಿಲ್ಲ.

ಕ್ರಾಂತಿ ಎಷ್ಟು ಸಾಧ್ಯವೋ ಅಷ್ಟು ಸಣ್ಣ ಅಕ್ಷರದಲ್ಲಿ ಬರೆದಳು:

ಪ್ರಬುದ್ಧನ ಹಲ್ಲು ಬಿತ್ತು. ನಾನು ಕ್ಯಾಲೆಂಡರ್ ಹರಿದೆ. ಅವ್ವ ಬೈಯಲಿಲ್ಲ.