ಹುಣಸೆಹಣ್ಣಿನ ವಾಸನೆ

ದೇವರಾಜ ಮೊಹಲ್ಲಾದಲ್ಲಿ ಬ್ಯಾಟರಿ ಅಂಗಡಿ ನಡೆಸುವ ನಾನು ದೆವ್ವಗಿವ್ವ ನಂಬುವವಳಲ್ಲ. ನಡೆದದ್ದನ್ನಷ್ಟೇ ಹೇಳುತ್ತೇನೆ.

ಮಂಡಕಳ್ಳಿ ಕಡೆಯ ಒಂದು ಗಾಲ್ಫ್ ಮೈದಾನದಲ್ಲಿ ಸಣ್ಣಮಾದಯ್ಯ ಓಡಿಸುವ ಬ್ಯಾಟರಿ ಗಾಡಿ ಏರು ಹತ್ತುತ್ತಿಲ್ಲವೆಂದು ನನ್ನನ್ನು ಕರೆಸಿದರು. ಸೀಟು ಎತ್ತಿ ಅದರಡಿಯ ಬ್ಯಾಟರಿ ಪೆಟ್ಟಿಗೆ ನೋಡಿದೆ. ದೇವರ ದೀಪ ಬೆಳಗಿದ ಹಾಗೆ ಯಾರೋ ತಂತಿ ಕೂಡುವ ಟರ್ಮಿನಲ್‌ಗಳನ್ನು ಹುಣಸೆಹಣ್ಣು ಹಾಕಿ ಉಜ್ಜಿದ್ದರು. ಹುಳಿ ತಾಗಿದಲ್ಲೆಲ್ಲ ಕಿಲುಬು. ನನಗೆ ರೇಗಿತು.

“ಯಾರ್ರೀ ಇದನ್ನ ಮಾಡಿದ್ದು?”

“ನಮ್ಮನೆಯೋಳು ತಿಮ್ಮಮ್ಮ ಇಂಗೇ ಉಜ್ಜೋಳು ಕಣವ್ವ, ಫಳಫಳ ಅನ್ಬೇಕು ಅಂತ. ತೀರ್ಕೊಂಡು ವರ್ಸ ಆಯ್ತು,” ಎಂದರು ಸಣ್ಣಮಾದಯ್ಯ.

ಹುಣಸೆ ನಾರು ಇನ್ನೂ ಒದ್ದೆಯಾಗಿತ್ತು. ಇವರದೇ ಕೆಲಸವಿರಬೇಕೆಂದು ಹೊಸ ಬ್ಯಾಟರಿ ಕೂರಿಸಿ, ಸೀಟಿಗೆ ಬೀಗ ಹಾಕಿ, ಇದ್ದ ಒಂದೇ ಕೀಲಿಯನ್ನು ನಾನೇ ಇಟ್ಟುಕೊಂಡೆ.

ತಿಂಗಳೊಳಗೆ ಗಾಡಿ ಮತ್ತೆ ಕುಂಟಿತು. ಬೀಗ ತೆಗೆದೆ. ಹೊರಗೆ ಸುಡು ಬಿಸಿಲು, ಪೆಟ್ಟಿಗೆಯೊಳಗೆ ಮಾತ್ರ ಬಾವಿಕಟ್ಟೆಯಂತೆ ತಣ್ಣಗೆ. ಅದೇ ಹುಳಿ ವಾಸನೆ, ಅದೇ ಹಸಿ ನಾರು. ಸಣ್ಣಮಾದಯ್ಯ ಪಕ್ಕದ ಸೀಟಿನ ಧೂಳು ಒರೆಸುತ್ತ ನಿಂತಿದ್ದರು.

ಈ ಸಲ ರೇಗಲು ಮನಸ್ಸಾಗಲಿಲ್ಲ. ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಎಲ್ಲ ತೊಳೆದೆ. ಉಳಿದ ಸೋಡಾ ಪೊಟ್ಟಣವನ್ನು ಒಳಗೇ ಇಟ್ಟು, “ಹುಣಸೆ ಬೇಡ ಕಣಮ್ಮ, ಬ್ಯಾಟರಿ ಕೆಡುತ್ತೆ. ಇದ್ರಲ್ಲಿ ತೊಳೀರಿ,” ಎಂದು ಮೆಲ್ಲಗೆ ಹೇಳಿ ಬೀಗ ಹಾಕಿದೆ.

ಆಮೇಲೆ ಗಾಡಿ ನಿಧಾನವಾಗಲೇ ಇಲ್ಲ. ಮೊನ್ನೆ ಬ್ಯಾಟರಿಗೆ ನೀರು ತುಂಬಲು ಬೀಗ ತೆಗೆದೆ. ಪೊಟ್ಟಣ ಅರ್ಧ ಖಾಲಿಯಾಗಿತ್ತು. ಉಳಿದದ್ದು ಚೆಲ್ಲದಂತೆ ಅದರ ಬಾಯಿಗೆ, ಮಲ್ಲಿಗೆ ಕಟ್ಟುವ ಬಾಳೆನಾರಿನ ಗಂಟು ಬಿದ್ದಿತ್ತು.